ಹಿಸ್ಟೋಗ್ರಾಮ್‌ನ ಕೊನೆಯ ಕಂಬ ಯಾಕೆ ತಪ್ಪಾಯಿತು?

ಪ್ರಶ್ನೆ: ಮೇಡಂ, ನಾನು ಡಿಗ್ರಿ ಮೊದಲ ವರ್ಷ. ಒಂದು ಒಗಟು ಬಿಡಿಸಲು 40 ಜನ ಎಷ್ಟು ನಿಮಿಷ ತೆಗೆದುಕೊಂಡರು ಅಂತ ಬರೆದುಕೊಂಡು ಆವೃತ್ತಿ ಪಟ್ಟಿ ಮಾಡಿದೆ. 0–10ರಲ್ಲಿ 6 ಜನ, 10–20ರಲ್ಲಿ 12, 20–30ರಲ್ಲಿ 10. ಅಲ್ಲಿಂದಾಚೆಗೆ ಜನ ಚೆದುರಿಹೋಗಿದ್ದರಿಂದ 30–60 ಅಂತ ಒಂದೇ ವರ್ಗ ಮಾಡಿ 12 ಬರೆದೆ. ಗ್ರಾಫ್ ಹಾಳೆಯಲ್ಲಿ ಹಿಸ್ಟೋಗ್ರಾಮ್ (ಪ್ರತಿ ವರ್ಗಕ್ಕೊಂದು ಕಂಬ ಇರುವ ಚಿತ್ರ) ಬರೆದರೆ ಕೊನೆಯ ಕಂಬ ತಪ್ಪು ಅಂದರು. ಎಣಿಕೆ ಸರಿಯಾಗೇ ಇದೆಯಲ್ಲ?

ಉತ್ತರ: ಎಣಿಕೆ ಸರಿ ಇದೆ, ಎತ್ತರ ತಪ್ಪಾಗಿದೆ. ಹಿಸ್ಟೋಗ್ರಾಮ್‌ನಲ್ಲಿ ನಮ್ಮ ಕಣ್ಣು ಎತ್ತರವನ್ನಷ್ಟೇ ಅಳೆಯುವುದಿಲ್ಲ, ಕಂಬ ಹಿಡಿದ ಜಾಗವನ್ನೂ ಅಳೆಯುತ್ತೆ. ನೀವು ಬರೆದ ಕೊನೆಯ ಕಂಬ 12 ಎತ್ತರ ಇದೆ. ಅಗಲ ಮಾತ್ರ ಬೇರೆ ಕಂಬಗಳ ಮೂರು ಪಟ್ಟು. ನೋಡಿದವರಿಗೆ ಏನನ್ನಿಸುತ್ತೆ? ಅರ್ಧಕ್ಕಿಂತ ಜಾಸ್ತಿ ಜನ ಅರ್ಧ ಗಂಟೆ ದಾಟಿದರು ಅಂತ. ನಿಜವಾಗಿ ದಾಟಿದವರು 40ರಲ್ಲಿ 12 ಜನ ಮಾತ್ರ.

ಸರಿಪಡಿಸೋದು ಸುಲಭ. ಎತ್ತರವನ್ನು ‘ಪ್ರತಿ 10 ನಿಮಿಷಕ್ಕೆ ಎಷ್ಟು ಜನ’ ಅಂತ ಲೆಕ್ಕ ಹಾಕಿ. ಕೊನೆಯ ವರ್ಗದಲ್ಲಿ ಮೂರು ಹತ್ತುಗಳಿವೆ, ಹಾಗಾಗಿ 12ನ್ನು 3ರಿಂದ ಭಾಗಿಸಿದರೆ 4. ಈಗ ಎತ್ತರಗಳು 6, 12, 10, 4. ಜಾಗ ಕೂಡಿ ನೋಡಿ: 6, 12, 10, ಆಮೇಲೆ 4ರ ಮೂರು ಪಟ್ಟು. ಮತ್ತೆ 40 ಬಂತು ಅಲ್ವಾ? ಎಡಗಡೆ ಅಕ್ಷದಲ್ಲಿ ‘ಆವೃತ್ತಿ’ ಅಂತ ಬರೆಯಬೇಡಿ, ‘10 ನಿಮಿಷಕ್ಕೆ ಆವೃತ್ತಿ’ ಅಂತ ಬರೆಯಿರಿ.

ಆದರೆ ನಿಮ್ಮ ಹತ್ತಿರ ಮೂಲ ಸಂಖ್ಯೆಗಳೇ ಇದ್ದರೆ ಈ ಭಾಗಾಕಾರ ಯಾಕೆ? ಆ ವರ್ಗವನ್ನು ಒಡೆದುಬಿಡಿ.

ಪ್ರಶ್ನೆ: ಒಡೆದೆ ಮೇಡಂ. 30–40ರಲ್ಲಿ 7, 40–50ರಲ್ಲಿ 3, 50–60ರಲ್ಲಿ 2. ಈಗ ಆರು ವರ್ಗ ಆಯ್ತು. ಎಷ್ಟಿರಬೇಕು ಅಂತ ನಿಯಮ ಇದೆಯಾ? ಮತ್ತೆ ಸರಿಯಾಗಿ 20 ನಿಮಿಷ ತೆಗೆದುಕೊಂಡವರನ್ನು ಎಲ್ಲಿ ಹಾಕೋದು?

ಉತ್ತರ: ನೋಡಿ, ಈಗ ಚಿತ್ರ ಎಷ್ಟು ಚೆನ್ನಾಗಿ ಮಾತಾಡುತ್ತೆ! 10–20ರಲ್ಲಿ ಏರಿ, ಬಲಕ್ಕೆ ನಿಧಾನವಾಗಿ ಇಳಿಯುವ ಬಾಲ. ಸಮಯ ಅಳೆದ ದತ್ತಾಂಶದಲ್ಲಿ ಈ ಆಕಾರ ತುಂಬಾ ಸಲ ಸಿಗುತ್ತೆ. ಸೊನ್ನೆಗಿಂತ ಕಡಿಮೆ ಸಮಯ ಯಾರೂ ತೆಗೆದುಕೊಳ್ಳೋಕಾಗಲ್ಲ, ಜಾಸ್ತಿ ಎಷ್ಟು ಬೇಕಾದರೂ ಆಗಬಹುದು.

ವರ್ಗಗಳ ಸಂಖ್ಯೆಗೆ 1926ರಲ್ಲಿ ಸ್ಟರ್ಜಸ್ ಅನ್ನೋರು ಕೊಟ್ಟ ಸೂತ್ರ ಇದೆ. 40ಕ್ಕೆ ಅದು ಸುಮಾರು 6.3 ಕೊಡುತ್ತೆ. 40ರ ವರ್ಗಮೂಲವೂ ಹೆಚ್ಚುಕಡಿಮೆ ಅಷ್ಟೇ. ನಾನಂತೂ ಇದನ್ನು ಶುರು ಮಾಡೋಕೆ ಮಾತ್ರ ಬಳಸುತ್ತೇನೆ. ಅಗಲ 5 ಇಟ್ಟು ಒಮ್ಮೆ, 15 ಇಟ್ಟು ಒಮ್ಮೆ ಬರೆದು ನೋಡಿ. ಎಲ್ಲದರಲ್ಲೂ ಉಳಿದುಕೊಳ್ಳುವ ಆಕಾರವನ್ನು ನಂಬಿ. ಒಂದರಲ್ಲಿ ಮಾತ್ರ ಕಾಣುವ ಉಬ್ಬನ್ನು ನಂಬೋಕೆ ಆತುರ ಬೇಡ.

20 ಅನ್ನೋದು 20–30ಕ್ಕೆ ಸೇರಲಿ. ಕೆಳಗಿನ ಮಿತಿ ಒಳಗೆ, ಮೇಲಿನ ಮಿತಿ ಹೊರಗೆ. ಇನ್ನೊಂದು ರೀತಿಯೂ ತಪ್ಪಲ್ಲ, ಆದರೆ ಮಧ್ಯದಲ್ಲಿ ಬದಲಾಯಿಸಬಾರದು.

ಪ್ರಶ್ನೆ (ಇನ್ನೊಬ್ಬರು): ಸ್ಪ್ರೆಡ್‌ಶೀಟ್‌ನಲ್ಲಿ ಕಾಲಂ ಚಾರ್ಟ್ ಹಾಕಿದರೆ ಕಂಬಗಳ ಮಧ್ಯೆ ಖಾಲಿ ಜಾಗ ಬರುತ್ತೆ. ಬಿಟ್ಟರೆ ನಡೆಯುತ್ತಾ?

ಉತ್ತರ: ರಕ್ತದ ಗುಂಪು, ಇಷ್ಟದ ಬಣ್ಣ ಇಂಥವಕ್ಕೆ ಜಾಗ ಇರಲೇಬೇಕು. ಅವು ಬೇರೆ ಬೇರೆ ಹೆಸರುಗಳು. ನಿಮಿಷಗಳಿಗೆ ಬೇಡ, 10 ಮುಗಿದಲ್ಲೇ ಮುಂದಿನದು ಶುರುವಾಗುತ್ತೆ. ಅಲ್ಲಿ ಖಾಲಿ ಜಾಗ ಬಿಟ್ಟರೆ ಆ ಸಮಯದಲ್ಲಿ ಯಾರೂ ಇರಲಿಲ್ಲ ಅಂತ ಅರ್ಥ. ಇನ್ನೊಂದು ವಿಷಯ, ಕಾಲಂ ಚಾರ್ಟ್‌ಗೆ ‘30–60’ ಅನ್ನೋದು ಸುಮ್ನೆ ಒಂದು ಹೆಸರು. ಅಗಲ ಅದಕ್ಕೆ ಗೊತ್ತೇ ಆಗಲ್ಲ. ಹಿಸ್ಟೋಗ್ರಾಮ್ ಅಂತಲೇ ಬೇರೆ ಆಯ್ಕೆ ಇದ್ದರೆ ಅದನ್ನು ತೆಗೆದುಕೊಳ್ಳಿ.

ಪ್ರಶ್ನೆ (ಮೊದಲು ಕೇಳಿದವರು): ಕೊನೆಯದು ಮೇಡಂ. ಇದೇ ಪಟ್ಟಿಗೆ ಓಜೀವ್ (ಸಂಚಿತ ಆವೃತ್ತಿಯ ಗೆರೆ) ಬರೆದೆ. ಸಂಚಿತ ಆವೃತ್ತಿ, ಅಂದರೆ ಕೂಡುತ್ತಾ ಬಂದ ಎಣಿಕೆ, 6, 18, 28, 35, 38, 40. ಬಿಂದುಗಳನ್ನು ವರ್ಗಗಳ ಮಧ್ಯಬಿಂದುವಿನಲ್ಲಿ ಇಟ್ಟೆ. ಮಧ್ಯಾಂಕ (ಸಾಲಿನ ನಡುವೆ ಬರುವ ಬೆಲೆ) 17 ಬಂತು, ಸೂತ್ರದಲ್ಲಿ 22 ಬರುತ್ತೆ.

ಉತ್ತರ: ಮಧ್ಯಬಿಂದು ಬೇಕಾಗೋದು ಆವೃತ್ತಿ ಬಹುಭುಜಕ್ಕೆ (ಕಂಬಗಳ ತುದಿಯ ನಡುವನ್ನು ಜೋಡಿಸುವ ಗೆರೆ). ಓಜೀವ್‌ನಲ್ಲಿ 18 ಅಂದರೆ ‘20 ನಿಮಿಷದೊಳಗೆ ಮುಗಿಸಿದವರು 18’ ಅಂತ. 15 ನಿಮಿಷಕ್ಕೆ ಅವರೆಲ್ಲ ಇನ್ನೂ ಮುಗಿಸಿಲ್ಲವಲ್ಲ! ಹಾಗಾಗಿ ಬಿಂದು ಮೇಲಿನ ಮಿತಿಯಲ್ಲೇ ಇರಬೇಕು. ನಿಮ್ಮ ಇಡೀ ಗೆರೆ 5 ನಿಮಿಷ ಎಡಕ್ಕೆ ಸರಿದಿದೆ, ಅದಕ್ಕೇ ಉತ್ತರದಲ್ಲೂ ಸರಿಯಾಗಿ 5 ಕಡಿಮೆ. 0 ನಿಮಿಷಕ್ಕೆ 0 ಅಂತ ಶುರು ಮಾಡಿ, 10ಕ್ಕೆ 6, 20ಕ್ಕೆ 18, 30ಕ್ಕೆ 28 ಹೀಗೆ ಬಿಂದುಗಳನ್ನು ಇಡಿ. ಎಡಗಡೆ 20ರಿಂದ (40ರ ಅರ್ಧ) ಅಡ್ಡಗೆರೆ ಎಳೆದು, ಓಜೀವ್‌ಗೆ ತಾಗಿದಲ್ಲಿಂದ ಕೆಳಗಿಳಿಸಿ. 22ರ ಹತ್ತಿರ ಬರುತ್ತೆ. ಬರೆದ ಮೇಲೆ ಫೋಟೋ ಹಾಕಿ, ನೋಡುತ್ತೇನೆ.