ಸಹಾಯ ಬೇಕು: ಈ ಬಿಸಿಲಿಗೆ ರೀಫ್ ಟ್ಯಾಂಕ್ ನೀರು ತಣ್ಣಗಿಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ಹಾಲ್‌ನಲ್ಲಿ 200 ಲೀಟರಿನ ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ ಸಾಕುವ ಅಕ್ವೇರಿಯಂ) ಇದೆ. ಒಂದು ಜೋಡಿ ಕ್ಲೌನ್ ಮೀನು, ಒಂದಷ್ಟು ಹವಳ. ನೀರು 25–26 ಡಿಗ್ರಿ ಇದ್ದರೆ ಎಲ್ಲ ಚೆನ್ನಾಗಿರುತ್ತವೆ. ಈಗ ಮಧ್ಯಾಹ್ನ 30 ದಾಟುತ್ತಿದೆ, ಹವಳದ ಬಣ್ಣ ಮಾಸುತ್ತಿದೆ. ಶಾಖ ಜಾಸ್ತಿಯಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಅದೇ ಭಯ.

ನೀರಿನ ಮೇಲೆ ಸಣ್ಣ ಫ್ಯಾನ್ ಬೀಸುತ್ತಿದೆ. ಎರಡು ಡಿಗ್ರಿ ಇಳಿಯುತ್ತದೆ, ನಿಜ. ಆದರೆ ನೀರು ಮಾತ್ರ ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ಹಾಗಾಗಿ ದಿನಾ ಆರ್‌ಒ ನೀರು ಸೇರಿಸುತ್ತಿದ್ದೇನೆ. ಐಸ್ ಬಾಟಲಿ ಇಡಿ ಎಂದು ಕೆಲವರು ಹೇಳಿದರು. ದಿಢೀರ್ ಏರಿಳಿತ ಹವಳಕ್ಕೆ ಇನ್ನೂ ಕೆಟ್ಟದ್ದು, ನನಗೆ ಅದು ಬೇಡ. ಕರೆಂಟ್ ಹೋದರಂತೂ ಜೀವ ಬಾಯಿಗೆ ಬರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಪಂಪೂ ನಿಂತುಬಿಡುತ್ತದೆ.

ಇಷ್ಟು ನೀರಿಗೆ 1/10 ಎಚ್‌ಪಿ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಸಾಕಾಗುತ್ತದಾ? ಮನೆಯ ಇನ್ವರ್ಟರ್ ಅದನ್ನು ಎಳೆಯುತ್ತದಾ, ಇಲ್ಲ ಪಂಪಿಗೆ ಮಾತ್ರ ಕೊಡಲಾ? ಚಿಲ್ಲರ್ ಬಿಡುವ ಬಿಸಿ ಗಾಳಿ ಹಾಲ್‌ನಲ್ಲೇ ಸುತ್ತಿದರೆ ಏನು ಮಾಡುತ್ತೀರಿ? ದಾವಣಗೆರೆ, ಚಿತ್ರದುರ್ಗ, ಹುಬ್ಬಳ್ಳಿ ಕಡೆ ಚಿಲ್ಲರ್ ರಿಪೇರಿ ಮಾಡುವವರು ಗೊತ್ತಿದ್ದರೂ ದಯವಿಟ್ಟು ತಿಳಿಸಿ. ಬಳಸಿ ನೋಡಿದವರ ಮಾತು ಸಿಕ್ಕರೆ ಈ ವಾರವೇ ಕೊಳ್ಳುತ್ತೇನೆ.