ಆಹಾರದ ‘ಸಾವಯವ’ವೂ ಕ್ರೀಮಿನ ‘ಸಾವಯವ’ವೂ ಒಂದೇ ಏನು?

ಪ್ರಶ್ನೆ:
ಕೀಟನಾಶಕದ ಉಳಿಕೆಗೆ ಅಂಜಿ, ಕೆಲವು ವರ್ಷಗಳಿಂದ ನಮ್ಮ ಮನೆಗೆ ಕಾಳು, ತರಕಾರಿಗಳನ್ನು ಸಾಧ್ಯವಾದಷ್ಟೂ ಸಾವಯವ ಪ್ರಮಾಣಪತ್ರ ನೋಡಿಯೇ ತರುತ್ತಿದ್ದೇವೆ. ಈಗ ಅದೇ ಪದ ಕ್ರೀಮು, ಶಾಂಪೂಗಳ ಮೇಲೂ ಕಾಣಿಸುತ್ತಿದ್ದು, ಬೇಡಿಕೆ ಹೆಚ್ಚಿದಂತೆಲ್ಲ ಅದರ ಅಕ್ಷರಗಳೂ ದಪ್ಪವಾಗುತ್ತಿವೆ. ನನ್ನ ಕೈಯಲ್ಲಿರುವ ಡಬ್ಬಿಯ ಮುಂಭಾಗದಲ್ಲಿ ‘ಸಾವಯವ’ ಎಂದಿದೆ. ಹಿಂಭಾಗದ ಘಟಕಗಳ ಪಟ್ಟಿ ನೀರಿನಿಂದ ಆರಂಭವಾಗುತ್ತದೆ, ಸಾವಯವವೆಂದು ನಕ್ಷತ್ರದ ಗುರುತು ಹಾಕಿರುವ ಏಕೈಕ ಎಣ್ಣೆ ಒಂಬತ್ತನೆಯದಾಗಿ ಬರುತ್ತದೆ. ಎರಡೂ ಕಡೆ ಈ ಪದಕ್ಕೆ ಒಂದೇ ತೂಕವಿದೆಯೇ?

ಉತ್ತರ 1:
ಇಲ್ಲ. ಆಹಾರದಲ್ಲಿ ಆ ಪದ ಬೆಳೆದ ರೀತಿಯನ್ನು ಹೇಳುತ್ತದೆ, ಮತ್ತು ಅನೇಕ ದೇಶಗಳಲ್ಲಿ ಅದರ ಹಿಂದೆ ಕಾನೂನಿದೆ. ಅಮೆರಿಕದ ನಿಯಮದಂತೆ, ನಿಷೇಧಿತ ರಾಸಾಯನಿಕಗಳನ್ನು ನಿಲ್ಲಿಸಿ 3 ವರ್ಷ ಕಳೆಯುವವರೆಗೆ ಆ ಜಮೀನಿನ ಬೆಳೆಯನ್ನು ಸಾವಯವವೆಂದು ಮಾರುವಂತಿಲ್ಲ. ಆದರೆ 2022ರಿಂದ ಜಾರಿಯಲ್ಲಿರುವ ಯುರೋಪಿನ ಸಾವಯವ ಕಾನೂನು ಸೌಂದರ್ಯವರ್ಧಕಗಳಿಗೆ ಅನ್ವಯಿಸುವುದೇ ಇಲ್ಲ. ಆ ಖಾಲಿ ಜಾಗವನ್ನು ತುಂಬಿರುವುದು ಕಾಸ್ಮೋಸ್‌ನಂಥ ಖಾಸಗಿ ಮಾನದಂಡಗಳು.

ನೀರಿನ ಲೆಕ್ಕವನ್ನು ಸ್ವಲ್ಪ ಗಮನಿಸಿ. ನೀರನ್ನು ಯಾರೂ ಹೊಲದಲ್ಲಿ ಬೆಳೆಯುವುದಿಲ್ಲವಾದ್ದರಿಂದ ಅದು ಸಾವಯವವಾಗಲು ಸಾಧ್ಯವಿಲ್ಲ. 100 ಗ್ರಾಂ ಕ್ರೀಮಿನಲ್ಲಿ 70 ಗ್ರಾಂ ನೀರಿದ್ದರೆ, ಉಳಿದದ್ದೆಲ್ಲ ಸಾವಯವವಾದರೂ ಒಟ್ಟು ಶೇ 30 ಅಷ್ಟೇ. ಆದ್ದರಿಂದಲೇ ಕಾಸ್ಮೋಸ್ ಒಟ್ಟು ತೂಕದಲ್ಲಿ ಕನಿಷ್ಠ ಶೇ 20, ತೊಳೆದುಬಿಡುವ ಉತ್ಪನ್ನಗಳಲ್ಲಿ ಶೇ 10 ಸಾವಯವ ಅಂಶವಿದ್ದರೆ ಸಾಕೆನ್ನುತ್ತದೆ. ಸಸ್ಯಜನ್ಯ ಘಟಕಗಳ ಮೇಲೆ ಬೇರೆ ಷರತ್ತುಗಳೂ ಇವೆ. ಅಮೆರಿಕದಲ್ಲಿ ನೀರು, ಉಪ್ಪುಗಳನ್ನು ಲೆಕ್ಕದಿಂದ ಹೊರಗಿಟ್ಟು ಉಳಿದುದರಲ್ಲಿ ಶೇ 95 ಕೇಳುತ್ತಾರೆ. ಎರಡೂ ಪ್ರಾಮಾಣಿಕ ಲೆಕ್ಕಗಳೇ, ಆದರೆ ಗ್ರಾಹಕರ ಮನಸ್ಸಿನಲ್ಲಿರುವ ಲೆಕ್ಕ ಇವೆರಡೂ ಅಲ್ಲ. ನಿಮ್ಮ ಡಬ್ಬಿಯ ಮೇಲೆ ಯಾವುದಾದರೂ ಪ್ರಮಾಣೀಕರಣ ಸಂಸ್ಥೆಯ ಮುದ್ರೆ ಇದೆಯೇ?

ಉತ್ತರ 2:
ಮೇಲಿನವರು ಆಹಾರದ ವಿಷಯದಲ್ಲಿ ಸ್ವಲ್ಪ ಉದಾರವಾಗಿದ್ದಾರೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿದಾಗ, ಸಾವಯವ ಬೆಳೆಯಲ್ಲಿ ಕೀಟನಾಶಕದ ಉಳಿಕೆ ಸಿಗುವ ಸಂಭವ ಕಡಿಮೆಯೆಂದು ಕಂಡಿತಾದರೂ, ಪೋಷಕಾಂಶಗಳಲ್ಲಿ ಹೇಳಿಕೊಳ್ಳುವಂಥ ಹೆಚ್ಚುಗಾರಿಕೆ ಕಾಣಲಿಲ್ಲ. ಸಾವಯವ ಕೃಷಿಯಲ್ಲೂ ತಾಮ್ರದ ಶಿಲೀಂಧ್ರನಾಶಕಗಳಂಥವನ್ನು ಸಿಂಪಡಿಸಲು ಅವಕಾಶವಿದೆ. ಉಳಿಕೆಗೆ ಅಂಜಿ ಕೊಳ್ಳುವವರ ಕಾರಣ ಗಟ್ಟಿಯಾದುದು. ಸತ್ವಕ್ಕಾಗಿ ಕೊಳ್ಳುವವರದು ಅಷ್ಟಿಲ್ಲ.

ಉತ್ತರ 3:
ಚರ್ಮದ ವಿಷಯದಲ್ಲಿ ‘ಸಾವಯವ’ವನ್ನು ‘ನಿರಪಾಯ’ ಎಂದು ಓದಿಕೊಂಡು ಪೆಟ್ಟು ತಿಂದವಳು ನಾನು. ಸುಗಂಧ ತೈಲ ಬೆರೆಸಿದ ಸಾವಯವ ಲೇಪವೊಂದನ್ನು ತಿಂಗಳುಗಟ್ಟಲೆ ಹಚ್ಚಿ, ಕುತ್ತಿಗೆಯ ಎರಡೂ ಬದಿ ಕೆಂಪಗೆ ದದ್ದು ಎದ್ದು ತುರಿಸತೊಡಗಿತು. ಲ್ಯಾವೆಂಡರ್ ಎಣ್ಣೆಯಲ್ಲಿ ಸಹಜವಾಗಿಯೇ ಇರುವ ಲಿನಲೂಲ್ ಎಂಬ ಪರಿಮಳದ ವಸ್ತು ಗಾಳಿಗೆ ಒಡ್ಡಿಕೊಂಡಾಗ ಅಲರ್ಜಿ ತರಿಸುವ ವಸ್ತುಗಳಾಗಿ ಮಾರ್ಪಡುತ್ತದೆ ಎಂಬುದನ್ನು ಚರ್ಮತಜ್ಞರಿಂದ ತಿಳಿದೆ. ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಅದು ಶೇ 0.001ನ್ನು ಮೀರಿದರೆ ಯುರೋಪಿನಲ್ಲಿ ಪಟ್ಟಿಯಲ್ಲಿ ಹೆಸರಿಸಲೇಬೇಕು. ಹೊಲದಲ್ಲಿ ರಾಸಾಯನಿಕ ಬಳಸದಿದ್ದ ಮಾತ್ರಕ್ಕೆ ಗಿಡದೊಳಗಿನ ರಾಸಾಯನಿಕ ಎಲ್ಲಿಗೆ ಹೋಗಬೇಕು? ‘ಸಂರಕ್ಷಕರಹಿತ’ ಎಂದು ಹೆಮ್ಮೆಪಡುವ ಕ್ರೀಮಿನಲ್ಲಿ ನೀರಿದ್ದರೆ ಅದನ್ನೂ ಅನುಮಾನದಿಂದಲೇ ನೋಡಿ. ನೀರಿದ್ದಲ್ಲಿ ಬೂಷ್ಟು ಬರಲು ತಡವಾಗದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಡಬ್ಬಿಯನ್ನು ತಿರುಗಿಸಿ ನೋಡಿದೆ. ಹಸಿರು ಎಲೆಯ ಚಿತ್ರವಿದೆ, ಆದರೆ ಅದು ತಯಾರಕರದೇ ಅಲಂಕಾರ; ಯಾವ ಸಂಸ್ಥೆಯ ಹೆಸರೂ ಇಲ್ಲ. ಪಟ್ಟಿಯ ಕೊನೆಯಿಂದ ಎರಡನೆಯದು ಲಿನಲೂಲ್.