ಅಪ್‌ಡೇಟ್: ನೇಪಾಳಕ್ಕೆ ಹೋಗಿಬಂದ್ವಿ, ಆದರೆ ಅನಾಥಾಶ್ರಮಕ್ಕಲ್ಲ

ಬೆಳಗಾವಿಯ ಕ್ಯಾಂಪ್ ಏರಿಯಾದ ನಮ್ಮ ಚರ್ಚಿನವರು ಹತ್ತು ದಿನ ನೇಪಾಳದ ಅನಾಥಾಶ್ರಮವೊಂದರಲ್ಲಿ ಸೇವೆಗೆ ಹೊರಟಿದ್ದಾರೆ, ನರ್ಸ್ ಆದ ನಾನೂ ಹೋಗಲೋ ಬೇಡವೋ ಅಂತ ಕೇಳಿದ್ದೆ. "ಅಂಥ ಆಶ್ರಮದಾಗ ಎಷ್ಟೋ ಮಕ್ಕಳಿಗೆ ಅಪ್ಪ-ಅವ್ವ ಇರ್ತಾರ್ರಿ, ಮೊದಲು ವಿಚಾರಿಸ್ರಿ" ಅಂದಿದ್ರಲ್ಲ ಒಬ್ಬರು, ಅವರಿಗೆ ದೊಡ್ಡ ನಮಸ್ಕಾರ. ವಿಚಾರಿಸಿದರೆ ಹಾಗೇ ಇತ್ತು. ಪಾಸ್ಟರ್ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ರು, ಆಮೇಲೆ ಆಶ್ರಮ ಬಿಟ್ಟು ಬೇರೆ ಕೆಲಸಕ್ಕೆ ಹೋಗೋಕೆ ಒಪ್ಪಿದ್ರು.

ಗೋವಾ ಎಕ್ಸ್‌ಪ್ರೆಸ್‌ನಲ್ಲಿ ದಿಲ್ಲಿ, ಅಲ್ಲಿಂದ ಗೋರಖಪುರ, ಸುನೌಲಿ ಗಡಿ. ವೀಸಾ ಬೇಡ, ವೋಟರ್ ಕಾರ್ಡ್ ಸಾಕಾಯ್ತು. ಕರಪತ್ರಗಳನ್ನು ಊರಲ್ಲೇ ಬಿಟ್ಟಿದ್ವಿ. ಅಲ್ಲಿ 2018ರ ಆಗಸ್ಟ್‌ನಿಂದ ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು, ಹೊರದೇಶದವರಿಗೆ ಅದರ ಮೇಲೆ ಗಡೀಪಾರೂ ಇದೆ. ಆರಾಧನೆಗೆ ಮಾತ್ರ ಕೂತ್ವಿ, ಅದೂ ಶನಿವಾರ. ಅವರ ವಾರದ ರಜೆ ಅವತ್ತು.

ಕೆಲಸ ಅಂದರೆ, ಅಲ್ಲಿಯ ಊರಿನ ಆರೋಗ್ಯ ಸ್ವಯಂಸೇವಕಿ ಹಿಂದೆ ಮನೆ ಮನೆ ಅಲೆದದ್ದು. ಒಂದು ಕೂಸಿನ ತೋಳಿಗೆ ಆಕೆ ಬಣ್ಣದ ಪಟ್ಟಿಯ ಅಳತೆ ಟೇಪು ಸುತ್ತಿದಳು: 11.2 ಸೆಂಟಿಮೀಟರ್. 11.5ರ ಕೆಳಗೆ ಕೆಂಪು, ಅಂದ್ರೆ ತೀವ್ರ ಅಪೌಷ್ಟಿಕತೆ. ತಾಯಿ ಟೇಪಿನ ಬಣ್ಣ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಚೀಟಿ ಬರೆದು ಹಿಡಿದು ನಿಂತೆ, ಅಷ್ಟೇ. ಅವರನ್ನು ಹೆಲ್ತ್ ಪೋಸ್ಟಿಗೆ ಕರೆದೊಯ್ದದ್ದು, ನಾವು ಬಂದ ಮೇಲೂ ವಾರವಾರ ಹೋಗಿ ನೋಡ್ತಿರೋದು ಆಕೆಯೇ.

ಮುಂದಿನ ವರ್ಷ ನಾಲ್ಕೇ ಜನ ಹೋಗೋದು, ಉಳಿದ ಟಿಕೆಟ್ ದುಡ್ಡು ಅಲ್ಲಿಗೇ ಕಳಿಸೋದು ಅಂತ ಮಾತಾಗ್ತಿದೆ. ಯೂತ್ ಹುಡುಗರು ಸಿಟ್ಟಾಗಿದ್ದಾರೆ. ಹಂಚೋಕಂತ ಒಯ್ದ ಕುಂದಾನೂ ಅವರೇ ದಿಲ್ಲಿ ಮುಟ್ಟೋದರೊಳಗೆ ಖಾಲಿ ಮಾಡಿದ್ರು!